ಕಾಗೆ ಒಯ್ದ ಎಡಗಣ್ಣಿನ ಗಾಜು

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ. ಹೋಗಿ, ಹೋಗಿ! ಯಾರೂ ಏಳಲಿಲ್ಲವಾ? ಹಂಗಾದರೆ ಕೇಳಿ. ನಡುವೆ ‘ಸುಳ್ಳು’ ಅಂದವನ ಕಿವಿ ನನ್ನ ಕೈಲಿ.

ನಾನು ಹುಲಿಗೆಪ್ಪ. ಈ ಊರಲ್ಲಿ ನನ್ನಷ್ಟು ಎತ್ತರ ಯಾರೂ ಇಲ್ಲ. ನನ್ನಷ್ಟು ಜೋರಾಗಿ ಸಿಳ್ಳೆ ಹಾಕೋರಿಲ್ಲ. ನನ್ನಷ್ಟು ದಪ್ಪ ಕನ್ನಡಕವೂ ಯಾರಿಗೂ ಇಲ್ಲ. ಅದನ್ನ ತೆಗೆದರೆ ಎಮ್ಮೆಯೂ ಮಸುಕು, ಬಂಡೆಯೂ ಮಸುಕು.

ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ ತುಂಡು, ಹಳೇ ಅಂಗಿ ತುಂಡು, ಸೇರಿಸಿ ಸೇರಿಸಿ ಹೊಲಿಯುತ್ತಿದ್ದಳು. ಪೇಟೆಯಿಂದ ಒಬ್ಬ ಅಕ್ಕ ಬಂದಳು. ಅವ್ವ ಹೊಲಿಯೋದನ್ನ ಕ್ಯಾಮೆರಾದಲ್ಲಿ ಹಿಡಿದಳು. ಹೋದಳು.

ಆಮೇಲೆ ಅವ್ವ ಸತ್ತಳು.

ಆ ಅಕ್ಕ ಒಂದು ಕಣ್ಣಪೆಟ್ಟಿಗೆ ಕಳಿಸಿದಳು. ವಿಆರ್ ಅಂತಾರೆ ಅದಕ್ಕೆ. ಮುಖಕ್ಕೆ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡರೆ ಎಡಕ್ಕೆ ನಮ್ಮ ಒಲೆ. ಬಲಕ್ಕೆ ನಮ್ಮ ಬಾಗಿಲು. ನಡುವೆ ಅವ್ವ.

ಚಾರ್ಜು ಒಂದೇ ಸಲ ನೋಡುವಷ್ಟು. ಊರಲ್ಲಿ ಕರೆಂಟಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಸಂಜೆ ಬಸ್ಸಿಗೆ ಪೆಟ್ಟಿಗೆ ವಾಪಸ್ ಕಳಿಸಬೇಕು.

ಕಟ್ಟಿಕೊಂಡೆ. ಕನ್ನಡಕ ಒಳಗೆ ಹೋಗಲಿಲ್ಲ. ಕನ್ನಡಕ ತೆಗೆದು ಕಟ್ಟಿಕೊಂಡೆ. ಅವ್ವನ ಮಾರಿ ಕಾಣಲಿಲ್ಲ, ಕಣ್ಣು ಮೂಗು ಒಂದೂ ತಿಳಿಯಲಿಲ್ಲ. ಬರೀ ಮಸುಕು. ತಟ್ಟನೆ ಬಿಚ್ಚಿ ಆರಿಸಿದೆ.

ನಾನು ಬಿಡುವವನಾ? ಕನ್ನಡಕ ಮುರಿದೆ. ಎರಡೂ ಗಾಜು ಬಿಡಿಸಿದೆ. ಸಾಣೆಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿದೆ. ಸೈಕಲ್ ಟ್ಯೂಬು ಕತ್ತರಿಸಿ ಬಳೆ ಮಾಡಿದೆ. ಬಳೆಗೆ ಗಾಜು ಅಂಟಿಸಿದೆ. ಬಲಗಣ್ಣಿನ ಗಾಜು ಪೆಟ್ಟಿಗೆಯೊಳಗೆ ಒತ್ತಿದೆ. ಲಬಕ್! ಕೂತಿತು. ಪೇಟೆಯ ಕನ್ನಡಕದಂಗಡಿಯವನೂ ಹೀಗೆ ಮಾಡಲಾರ! ಎಡಗಣ್ಣಿನದು ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟೆ.

ಅಲ್ಲೇ ಅವ್ವನ ಎಡೆ ಇತ್ತು. ಸತ್ತವರ ಹೆಸರಲ್ಲಿ ಕಾಗೆಗೆ ಅನ್ನ ಇಡುತ್ತೇವಲ್ಲ, ಅದು. ಕಾಗೆ ಉಂಡರೆ ಸತ್ತವರು ಉಂಡ ಹಾಗೆ.

ಕಾಗೆ ಬಂತು. ಅನ್ನ ಮುಟ್ಟಲಿಲ್ಲ. ಗಾಜು ಕಚ್ಚಿಕೊಂಡು ಬೇವಿನ ಮರಕ್ಕೆ ಹಾರಿತು.

ಇನ್ನೊಂದು ಗಾಜಲ್ಲೇ ನೋಡಬಹುದಿತ್ತಲ್ಲ ಅಂತೀರಾ? ಜಾಣರು! ಒಂದೇ ಕಣ್ಣಲ್ಲಿ ಅವ್ವ ಗೋಡೆ ಮೇಲಿನ ಫೋಟೋ ಇದ್ದ ಹಾಗೆ. ಎರಡೂ ಕಣ್ಣು ಸೇರಿದರೇ ಅವ್ವ ಎದುರಿಗೆ ಕೂತ ಹಾಗೆ. ಫೋಟೋ ನನ್ನ ಹತ್ತಿರ ಇದೆ. ನನಗೆ ಅವ್ವ ಬೇಕು.

ಮರದ ಕೆಳಗೆ ನಿಂತೆ.

“ಕಾಗೀ ಕಾಗೀ, ಗಾಜು ಕೊಡು. ಗಾಜು ನನಗ, ಅವ್ವನ ಮಾರಿ ನನ್ನ ಕಣ್ಣಿಗೆ.”

“ಕೊಡಂಗಿಲ್ಲ,” ಅಂತು ಕಾಗೆ. “ನಿಮ್ಮವ್ವಗ ಹಾಲನ್ನ ಇಷ್ಟ. ನೀ ಒಣ ಅನ್ನ ಇಟ್ಟೀದಿ, ಹುಲಿಗ್ಯಾ. ಹಾಲು ತಾ, ಗಾಜು ಒಯ್ಯಿ.”

ಎಮ್ಮೆ ಹತ್ತಿರ ಹೋದೆ.

“ಎಮ್ಮೀ ಎಮ್ಮೀ, ಹಾಲು ಕೊಡು. ಹಾಲು ಕಾಗಿಗೆ, ಗಾಜು ನನಗ, ಅವ್ವನ ಮಾರಿ ನನ್ನ ಕಣ್ಣಿಗೆ.”

“ಕೊಡಂಗಿಲ್ಲ,” ಅಂತು ಎಮ್ಮೆ. “ಮೊನ್ನೆ ನನ್ನ ಕರ ಸತ್ತೈತಿ. ಯಾರಿಗೆ ಬಿಡಲಿ ಹಾಲು? ಕರ ತೋರಿಸು, ಹಾಲು ಒಯ್ಯಿ.”

ಸತ್ತ ಕರುವನ್ನು ಎಲ್ಲಿಂದ ತರಲಿ? ಆದರೆ ನಮ್ಮ ಕಡೆ ಒಂದು ಉಪಾಯ ಇದೆ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿಯುತ್ತಾರೆ. ಅದು ಕರುವಿನ ಹಾಗೇ ನಿಲ್ಲುತ್ತದೆ. ಎಮ್ಮೆ ಅದನ್ನು ನೆಕ್ಕಿ ಹಾಲು ಬಿಡುತ್ತದೆ. ಆ ತೊಗಲು ಊರಲ್ಲಿ ತೊಗಲಿನ ಕೆಲಸ ಮಾಡೋ ಕನಕಪ್ಪಜ್ಜನ ಹತ್ತಿರ ಇತ್ತು. ಅಲ್ಲಿಗೆ ಹೋದೆ.

“ಅಜ್ಜಾ ಅಜ್ಜಾ, ಕರ ಮಾಡಿಕೊಡು. ಕರ ಎಮ್ಮಿಗೆ, ಹಾಲು ಕಾಗಿಗೆ, ಗಾಜು ನನಗ, ಅವ್ವನ ಮಾರಿ ನನ್ನ ಕಣ್ಣಿಗೆ.”

“ಲೇ ಹುಲಿಗ್ಯಾ, ನಾ ಈ ಕಡೆ ಅದೀನಿ. ನೀ ಕಂಬದ ಕೂಡ ಮಾತಾಡಾಕ ಹತ್ತೀದಿ!” ಅಂದ ಅಜ್ಜ. ನಾನು ತಿರುಗಿ ನಿಂತೆ. “ಮಾಡಿಕೊಡಂಗಿಲ್ಲ. ತೊಗಲು ಐತಿ, ಹೊಟ್ಟಿಗೆ ತುಂಬಾಕ ಹುಲ್ಲಿಲ್ಲ. ಹುಲ್ಲು ತಾ, ಕರ ಒಯ್ಯಿ.”

ಹುಲ್ಲು ಪಕ್ಕದ ಮನೆ ನೀಲಮ್ಮತ್ತೆಯ ಹತ್ತಿರ ಇತ್ತು. ಅಲ್ಲಿಗೆ ಹೋದೆ.

“ಅತ್ತೀ ಅತ್ತೀ, ಹುಲ್ಲು ಕೊಡು. ಹುಲ್ಲು ಅಜ್ಜಗ, ಕರ ಎಮ್ಮಿಗೆ, ಹಾಲು ಕಾಗಿಗೆ, ಗಾಜು ನನಗ, ಅವ್ವನ ಮಾರಿ ನನ್ನ ಕಣ್ಣಿಗೆ.”

“ಕೊಡಂಗಿಲ್ಲ ಹೋಗಲೇ,” ಅಂದಳು ಅತ್ತೆ. “ನಿಮ್ಮವ್ವ ನನ್ನ ಕೌದಿ ಮುಗಿಸದ ಹೋದಳು. ಮೂರು ಮೂಲಿಗೆ ಬಟ್ಟಿ ಹೂ ಐತಿ, ನಾಕನೇ ಮೂಲಿ ಬತ್ತಲೆ. ಅಂಥಾ ಅರೆಬರೆ ಕೌದಿ ನಮ್ಮನಿ ಕೂಸಿಗೆ ಹೊದಿಸಿದರ ಒಳ್ಳೇದಾಗಂಗಿಲ್ಲ. ಹೂ ಹೊಲಿ, ಹುಲ್ಲು ಒಯ್ಯಿ.”

ಹೂ ಹೊಲಿಯೋದಕ್ಕೆ ಅವ್ವನ ಸೂಜಿ ಬೇಕು. ಸೂಜಿ ನನ್ನ ತಂಗಿ ದ್ಯಾಮಿ ಹತ್ತಿರ. ಅವ್ವ ಸತ್ತ ದಿನದಿಂದ ಜಡೆಯಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಾಳೆ. ಮನೆಗೆ ಹೋದೆ.

“ದ್ಯಾಮೀ ದ್ಯಾಮೀ, ಸೂಜಿ ಕೊಡು. ಸೂಜಿ ಹೂವಿಗೆ, ಹೂ ಅತ್ತಿಗೆ, ಹುಲ್ಲು ಅಜ್ಜಗ, ಕರ ಎಮ್ಮಿಗೆ, ಹಾಲು ಕಾಗಿಗೆ, ಗಾಜು ನನಗ, ಅವ್ವನ ಮಾರಿ ನನ್ನ ಕಣ್ಣಿಗೆ.”

“ಕೊಡಂಗಿಲ್ಲ,” ಅಂದಳು ದ್ಯಾಮಿ. “ನಿನ್ನ ಕಣ್ಣಿಗೆ ಅಷ್ಟ ಏನು? ನನಗೂ ಅವ್ವನ್ನ ತೋರಿಸು. ಮೊದಲು ನನಗ.”

“ಯಾಕ? ನಾ ಅಣ್ಣ. ಪೆಟ್ಟಿಗಿಗೆ ಗಾಜು ಕೂಡಿಸಾಂವ ನಾನು. ಮೊದಲು ನನಗ!”

“ಹಂಗಾರ ಸೂಜಿ ಇಲ್ಲ.”

ಸೂಜಿ ಇಲ್ಲದಿದ್ದರೆ ಹೂ ಇಲ್ಲ. ಹೂ ಇಲ್ಲದಿದ್ದರೆ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಕರು ಇಲ್ಲ. ಕರು ಇಲ್ಲದಿದ್ದರೆ ಹಾಲಿಲ್ಲ. ಹಾಲಿಲ್ಲದಿದ್ದರೆ ಗಾಜಿಲ್ಲ. ಗಾಜಿಲ್ಲದಿದ್ದರೆ ಅವ್ವ ಇಲ್ಲ.

ಆದರೆ ಚಾರ್ಜು ಒಂದೇ ಸಲಕ್ಕೆ. ಅವಳು ಪೂರಾ ನೋಡಿದರೆ ನನಗೇನು ಉಳಿದೀತು? ಅದನ್ನ ಅವಳಿಗೆ ಹೇಳಲಿಲ್ಲ. ಬಲಗಣ್ಣಿನ ಗಾಜು ಬಿಚ್ಚಿದೆ. ದ್ಯಾಮಿಯ ಕಣ್ಣು ಚೊಕ್ಕ, ಅವಳಿಗೆ ಗಾಜು ಬೇಡ. ಪೆಟ್ಟಿಗೆ ಅವಳ ಮುಖಕ್ಕೆ ಕಟ್ಟಿದೆ.

“ಅವ್ವಾ!” ಅಂದಳು ದ್ಯಾಮಿ.

ಕೈ ಚಾಚಿದಳು. ಕೈಗೆ ಗಾಳಿ ಸಿಕ್ಕಿತು. ಹತ್ತಿರ ಸರಿದಳು. ಅವ್ವನ ತೊಡೆ ಮೇಲೆ ತಲೆ ಇಡಲು ಹೋದಳು. ತೊಡೆ ಇರಲಿಲ್ಲ. ತಲೆ ನೆಲಕ್ಕೆ ಬಡಿಯಿತು. ಧಪ್! ಅವಳು ಏಳಲಿಲ್ಲ. ಮಲಗಿಕೊಂಡೇ ನೋಡಿದಳು. ನಾನು ಬಿಚ್ಚು ಅನ್ನಲಿಲ್ಲ.

ಕೊನೆಗೆ ತಾನೇ ಬಿಚ್ಚಿದಳು. ಹಣೆ ಊದಿತ್ತು. ಜಡೆಯಿಂದ ಸೂಜಿ ತೆಗೆದು ಕೊಟ್ಟಳು.

ಈಗ ಓಡಿ ನನ್ನ ಜೊತೆ!

ಸೂಜಿ ಹಿಡಿದು ಅತ್ತೆಯ ಮನೆಗೆ ಓಡಿದೆವು. ನಾನು ಹೊಲಿದೆ. ಕೌದಿಗಲ್ಲ, ನನ್ನ ಹೆಬ್ಬೆಟ್ಟಿಗೆ. “ಭಾಳ ಶಾಣ್ಯಾ, ಸರಿ ಆಕಡೆ,” ಅಂತ ದ್ಯಾಮಿ ಕಸಿದುಕೊಂಡು ಹೊಲಿದಳು. ಅವ್ವ ಹೊಲಿಯುತ್ತಿದ್ದ ಹಾಗೇ ಹೊಲಿದಳು.

ಸೂಜಿ ಹೂ ಹೊಲಿಯಿತು. ಹೂ ಕಂಡು ಅತ್ತೆ ಹುಲ್ಲು ಕೊಟ್ಟಳು. ಹುಲ್ಲು ತುಂಬಿ ಅಜ್ಜ ಕರು ಮಾಡಿದ. ಕರು ತಂದು ಎಮ್ಮೆಯ ಮುಂದೆ ನಿಲ್ಲಿಸಿದೆ.

ಎಮ್ಮೆ ಮೂಸಿತು.

“ಇದು ಹುಲ್ಲು,” ಅಂತು ಎಮ್ಮೆ.

“ಹೌದು,” ಅಂದೆ.

“ಮ್ಯಾಲಿನ ತೊಗಲು ನನ್ನ ಕರದ್ದ.”

“ಹೌದು,” ಅಂದೆ.

ಎಮ್ಮೆ ನೆಕ್ಕಿತು. ಕಿವಿ ನೆಕ್ಕಿತು, ಬೆನ್ನು ನೆಕ್ಕಿತು, ಹೊಲಿಗೆ ನೆಕ್ಕಿತು. ಅದರ ಕಣ್ಣಲ್ಲಿ ನೀರು ಬಂತು. ಕೆಚ್ಚಲಲ್ಲಿ ಹಾಲು ಬಂತು.

ಎಮ್ಮೆ ಹಾಲು ಬಿಟ್ಟಿತು. ಹಾಲು ಅನ್ನಕ್ಕೆ ಹಾಕಿದೆ. ಕಾಗೆ ಇಳಿದು ಬಂತು. ಹಾಲನ್ನ ಉಂಡಿತು, ಒಂದಗುಳೂ ಬಿಡಲಿಲ್ಲ. ಕಾಗೆ ಗಾಜು ಕೊಟ್ಟಿತು.

ಬಲಗಣ್ಣಿನ ಗಾಜು ಒತ್ತಿದೆ. ಲಬಕ್! ಎಡಗಣ್ಣಿನ ಗಾಜು ಒತ್ತಿದೆ. ಲಬಕ್! ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಪೆಟ್ಟಿಗೆ ಕಟ್ಟಿಕೊಂಡೆ.

ಮಸುಕಿಲ್ಲ. ಎಡಕ್ಕೆ ಒಲೆ. ಬಲಕ್ಕೆ ಬಾಗಿಲು. ನಡುವೆ ಅವ್ವ. ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಹೊಲಿಯುತ್ತಾ ಹೊಲಿಯುತ್ತಾ ತಲೆ ಎತ್ತಿದಳು. ನನ್ನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಪೆಟ್ಟಿಗೆ ಕತ್ತಲಾಯಿತು.

ಚಾರ್ಜು ಮುಗಿದಿತ್ತು. ಎರಡೂ ಗಾಜು ಬಿಚ್ಚಿಕೊಂಡೆ. ಬಸ್ಸು ಬಂತು. ಕಂಡಕ್ಟರ್ ಪೆಟ್ಟಿಗೆ ಇಸಿದುಕೊಂಡ. ಬಸ್ಸು ಹೋಯಿತು. ನಾನು ಎರಡು ಗಾಜು ಕೈಲಿ ಹಿಡಿದು ನಿಂತಿದ್ದೆ.

“ದ್ಯಾಮೀ,” ಅಂದೆ, “ಅವ್ವ ತಲಿ ಎತ್ತಿದಳಲ್ಲ, ಆಮ್ಯಾಲ ಏನಂದಳು?”

“‘ಊಟ ಆತಿಲ್ಲೋ?’ ಅಂದಳು.”

ಕೊನೆಗೆ ನನಗೆ ಸಿಕ್ಕಿದ್ದು ಇಷ್ಟು. ಕಾಗೆ ಕೊಟ್ಟ ಗಾಜು. ಅವ್ವನ ಒಂದು ನೋಟ. ತಂಗಿಯ ಬಾಯಿಂದ ಅವ್ವನ ಒಂದು ಮಾತು.