ನಾಲ್ಕನೆಯ ತಂತಿ

“ಬುದ್ಧಿ, ನಿಮ್ಮ ಬಾಯಿಂದ ಬಂದ ಮಾತು ಒಂದೂ ಹಾಳಾಗದಂತೆ ಉಳಿಸಿಕೊಳ್ಳಬೇಕು. ಅದಕ್ಕೆ ಇನ್ನೇನೇನು ಬೇಕು?” ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಮಠಕ್ಕೆ ಆ ವಾರ ಹೊಸ ಕಂಪ್ಯೂಟರ್ ಬಂದಿತ್ತು. ಊಟದ ಡಬ್ಬಿಗಿಂತ ದೊಡ್ಡದಲ್ಲ. ಚೆನ್ನವೀರ ಅದಕ್ಕೆ ಮೈಕು ಸಿಕ್ಕಿಸಿದ್ದ, ಹೊರಗಿನಿಂದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದನ್ನೂ ತರಿಸಿದ್ದ. ಇನ್ನೂ ತರಿಸಬೇಕಾದ್ದರ ಪಟ್ಟಿ ಅವನ ಜೇಬಿನಲ್ಲಿತ್ತು. ಹನ್ನೊಂದು ವರ್ಷದಿಂದ ಗುರುಗಳ ಸೇವೆಯಲ್ಲಿದ್ದವನು. ಗುರುಗಳಿಗೆ ಎಂಬತ್ತು ದಾಟಿತ್ತು. ಅವನ ಅವಸರಕ್ಕೆ ಕಾರಣ ಅದೇ, ಆದರೆ ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ.

ಕಿಟಕಿಯ ಬಾಗಿಲನ್ನು ಸ್ವಲ್ಪ ಮುಂದೆ ಮಾಡಪ್ಪ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದರು ಗುರುಗಳು. ಆಗಲಿ ಬುದ್ಧಿ ಎಂದು ಚೆನ್ನವೀರ ಮೈಕನ್ನು ಅವರ ಕಡೆ ಇನ್ನೊಂದು ಗೇಣು ಸರಿಸಿದ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದೆಯೇ ಎಂದು ಬಗ್ಗಿ ನೋಡಿದ. ಬಂದು ಎದುರಿಗೆ ಕುಳಿತ. ಗುರುಗಳು ಕಿಟಕಿಯ ಕಡೆ ನೋಡಿದರು, ಅವನ ಕಡೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ಹರಾಜುಗಾರನಿದ್ದ. ಗೂಡಿನ ರಾಶಿಗಳ ಮುಂದೆ ನಿಂತು ಬೆಲೆ ಕೂಗುವುದು ಅವನ ಕೆಲಸ. ಮೂವತ್ತು ವರ್ಷ ಕೂಗಿದ. ಅವನ ದನಿ ಮಾರುಕಟ್ಟೆಯ ಗೇಟು ದಾಟಿ, ರಸ್ತೆಯ ಆಚೆಗಿನ ಟೀ ಅಂಗಡಿಗೂ ಕೇಳುತ್ತಿತ್ತು. ಟೀ ಕುಡಿಯಲು ಹೋದ ರೈತ ತನ್ನ ಗೂಡು ಎಷ್ಟಕ್ಕೆ ಹೋಯಿತು ಎಂಬುದನ್ನು ಅಲ್ಲಿ ಕೂತೇ ತಿಳಿದುಕೊಳ್ಳುತ್ತಿದ್ದ.

ಅವನಿಗೆ ಒಂದು ಕಾಯಿಲೆ ಬಂತು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಮೊದಲು ನಾಲಗೆ ಹೋಯಿತು. ಆಮೇಲೆ ಕಾಲು, ತೋಳು, ಕತ್ತು. ಕೊನೆಗೆ ಉಳಿದದ್ದು ಬಲಗೈಯ ತೋರುಬೆರಳು ಒಂದೇ. ಕಣ್ಣು ನೋಡುತ್ತಿತ್ತು, ಕಿವಿ ಕೇಳುತ್ತಿತ್ತು, ತಲೆ ಚುರುಕಾಗಿಯೇ ಇತ್ತು. ವೈದ್ಯರು ಮಗನನ್ನು ಹೊರಗೆ ಕರೆದು, ಆ ಬೆರಳೂ ಹೋಗುತ್ತದೆ, ಆದರೆ ಇನ್ನು ಎರಡು ಮೂರು ತಿಂಗಳು ಇದ್ದೀತು ಎಂದರು.

ಮನೆಯಲ್ಲಿ ಇದ್ದವರು ತಂದೆ, ಮಗ ಇಬ್ಬರೇ. ಮಗ ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಿನಗೆ ಅವನ ಮೇಲೆ ಸಿಟ್ಟು ಬರಬಹುದು. ತಂದೆಯ ಮೈ ಒರೆಸುವುದು, ಗಂಜಿ ಕುಡಿಸುವುದು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಮುಖ ಸಿಂಡರಿಸದೆ ಮಾಡುತ್ತಿದ್ದ. ಒಂದು ಬೆರಳು ಇದ್ದರೂ ಸಾಕು, ಮಾತಾಡಿಸಬಹುದು ಎಂದು ಯಾರೋ ಹೇಳಿದರು. ಅವನು ಪಟ್ಟಣಕ್ಕೆ ಹೋಗಿ ಒಂದು ಪುಟ್ಟ ಕಂಪ್ಯೂಟರ್ ತಂದ. ಇದರಷ್ಟೇ ಇತ್ತಂತೆ, ನಿನ್ನ ಈ ಡಬ್ಬಿಯಷ್ಟೇ.

ಅದರಲ್ಲಿ ತಂತಿ ಸಿಕ್ಕಿಸಲು ಮೂರು ಪೋರ್ಟು. ಒಂದಕ್ಕೆ ಕೀಬೋರ್ಡು. ಇನ್ನೊಂದಕ್ಕೆ ಒಂದು ದೊಡ್ಡ ಬಟನ್, ಅಂಗೈ ಅಗಲದ್ದು, ಬೆರಳು ಸೋಕಿದರೆ ಒತ್ತಿಕೊಳ್ಳುವಂಥದ್ದು. ಮೂರನೆಯದು ಖಾಲಿ. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೆ ಒಂದು ಬೆಳಗುತ್ತಿದ್ದವು. ಬೇಕಾದ ಅಕ್ಷರ ಬಂದಾಗ ತಂದೆ ಬಟನ್ ಒತ್ತಬೇಕು. ಹೀಗೆ ಅಕ್ಷರ ಸೇರಿ ಪದವಾಗಿ, ಪದ ಸೇರಿ ವಾಕ್ಯವಾದ ಮೇಲೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತಿತ್ತು.

ಏಳು ತಿಂಗಳು ಮಾತಿಲ್ಲದೆ ಮಲಗಿದ್ದವನು ಮೊದಲ ದಿನ ಏನು ಹೇಳಿರಬಹುದು ಎಂದುಕೊಂಡಿದ್ದೀಯೆ? ನಾವಾಗಿದ್ದರೆ ವೈರಾಗ್ಯದ ಮಾತು ಆಡುತ್ತಿದ್ದೆವು. ಅವನು ಅರ್ಧ ಗಂಟೆ ಒತ್ತಿ ಒತ್ತಿ ಹೇಳಿದ್ದು ಇಷ್ಟು: “ಈ ದನಿಗೆ ಯಾರೂ ಗೂಡು ಕೊಳ್ಳಲ್ಲ.”

ಮಗ ನಕ್ಕ. ನಗುತ್ತ ನಗುತ್ತ ಅತ್ತ. ಯಂತ್ರದ ದನಿ ಯಾರದ್ದೂ ಅಲ್ಲದ ದನಿ, ರೈಲು ನಿಲ್ದಾಣದಲ್ಲಿ ಕೇಳುವಂಥದ್ದು. ಅದರಲ್ಲೇ ತಂದೆ ದಿನಾ ಮಾತಾಡಿದ. ಗಂಜಿಗೆ ಉಪ್ಪು ಸಾಲದು ಎಂದ. ಫ್ಯಾನು ಕಮ್ಮಿ ಮಾಡು ಎಂದ. ಇವತ್ತು ಮಾರುಕಟ್ಟೆಗೆ ಎಷ್ಟು ಗೂಡು ಬಂದಿದೆ ಎಂದು ಕೇಳಿದ. ಒಂದು ವಾಕ್ಯಕ್ಕೆ ಕಾಲು ಗಂಟೆ ಬೇಕಾಗುತ್ತಿತ್ತು. ಮಗ ಪಕ್ಕದಲ್ಲೇ ಕುಳಿತು ಕಾಯುತ್ತಿದ್ದ. ಹೀಗೆ ಕಳೆದ ಹದಿನೈದು ದಿನ ಇಬ್ಬರೂ ಸುಖವಾಗಿದ್ದರು ಎಂದೇ ನನಗೆ ಅನಿಸುತ್ತದೆ.

ಆದರೆ ಆ ಮೊದಲ ಮಾತು ಮಗನ ಮನಸ್ಸಿನಲ್ಲಿ ಕೂತುಬಿಟ್ಟಿತು. ತಂದೆ ತಮಾಷೆಗೆ ಆಡಿದ್ದನ್ನು ಅವನು ಬೇಡಿಕೆ ಎಂದು ತಿಳಿದ. ಕಂಪ್ಯೂಟರ್ ಅಂಗಡಿಯವನನ್ನು ವಿಚಾರಿಸಿದ. ಹಳೆಯ ದನಿ ಹತ್ತಾರು ಗಂಟೆಯಷ್ಟು ಸಿಕ್ಕರೆ ಯಂತ್ರಕ್ಕೆ ಅದನ್ನು ಕಲಿಸಬಹುದು, ಆಮೇಲೆ ಬರೆದದ್ದನ್ನೆಲ್ಲ ನಿಮ್ಮ ತಂದೆಯ ದನಿಯಲ್ಲೇ ಓದುತ್ತದೆ ಎಂದು ಅವನು ಹೇಳಿದ. ಯಂತ್ರದ ಒಳಗೆ ಅಷ್ಟೊಂದು ಜಾಗ ಇಲ್ಲ, ಹೊರಗಿನಿಂದ ಹಾರ್ಡ್ ಡಿಸ್ಕ್ ಸಿಕ್ಕಿಸಬೇಕು ಎಂದೂ ಹೇಳಿದ. ಮಗ ಅದನ್ನೂ ಕೊಂಡು ತಂದ.

ಹಳೆಯ ದನಿ ಇದ್ದದ್ದು ಸೂರತ್ತಿನಲ್ಲಿ. ಹರಾಜುಗಾರನ ತಂಗಿಯನ್ನು ಅಲ್ಲಿಗೆ ಮದುವೆ ಮಾಡಿಕೊಟ್ಟಿತ್ತು. ಆಕೆಗೆ ಓದು ಬರದು. ಅದಕ್ಕೆ ಅಣ್ಣ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ರೇಷ್ಮೆ ನೂಲಿನ ಲಾರಿಯವರ ಕೈಲಿ ಕಳಿಸುತ್ತಿದ್ದ. ಹದಿನೆಂಟು ಕ್ಯಾಸೆಟ್ಟು, ಒಂದೊಂದೂ ಒಂದೊಂದು ಗಂಟೆ. ಆಕೆ ಒಂದನ್ನೂ ಕಳೆದಿರಲಿಲ್ಲ. ಅಣ್ಣನನ್ನು ನೋಡಲು ಬರುವಾಗ ಅವನ್ನೂ, ತನ್ನ ಟೇಪ್ ರೆಕಾರ್ಡರನ್ನೂ ಬಟ್ಟೆಯಲ್ಲಿ ಸುತ್ತಿ ತಂದಳು. ಬಿಟ್ಟುಹೋಗಲು ಮಾತ್ರ ಒಪ್ಪಲಿಲ್ಲ. ಅವಿಲ್ಲದೆ ಆಕೆಗೆ ನಿದ್ದೆ ಬರದಂತೆ. ಮೂರನೆಯ ದಿನ ಮಧ್ಯಾಹ್ನ ಆಕೆಯ ರೈಲು.

ಈಗ ನೋಡು. ಕೀಬೋರ್ಡು, ಹಾರ್ಡ್ ಡಿಸ್ಕ್, ಟೇಪ್ ರೆಕಾರ್ಡರು, ತಂದೆಯ ಬಟನ್. ತಂತಿ ನಾಲ್ಕು, ಪೋರ್ಟು ಮೂರು. ಕ್ಯಾಸೆಟ್ಟು ಇಳಿಸಲು ಮೊದಲ ಮೂರೂ ಬೇಕು. ಒಂದು ಪೋರ್ಟನ್ನು ನಾಲ್ಕು ಮಾಡುವ ಹಬ್ ಎಂಬುದೊಂದು ಇದೆಯಲ್ಲ, ನಿನ್ನ ಪಟ್ಟಿಯಲ್ಲೂ ಇರಬೇಕು, ಅದನ್ನು ಮಗ ಅಂಗಡಿಯಲ್ಲಿ ಕೇಳಿದ. ತರಿಸಿಕೊಡುತ್ತೇನೆ, ನಾಲ್ಕು ದಿನವಾಗುತ್ತದೆ ಎಂದ ಅಂಗಡಿಯವನು. ಅಷ್ಟು ದಿನ ಅತ್ತೆ ಇರುವುದಿಲ್ಲ.

ಮಗ ಬಟನ್ನಿನ ತಂತಿಯನ್ನು ಎಳೆದ. ಎಳೆದ ತಂತಿ ಕೈಯಲ್ಲಿರುವಾಗಲೇ ತಂದೆಯ ಕಿವಿಯ ಬಳಿ ಬಗ್ಗಿದ. “ಎರಡೇ ದಿನ ಅಪ್ಪ. ಆಮೇಲೆ ನಿಮ್ಮ ದನಿಯಲ್ಲೇ ಮಾತಾಡ್ತೀರಿ. ಆಗಬಹುದಾ?” ಎಂದು ಕೇಳಿದ.

ಬೇಡ ಎನ್ನಲು ತಂದೆಗೆ ಇದ್ದದ್ದು ಆ ತಂತಿಯೊಂದೇ.

ಇಲ್ಲಿಗೆ ಬಂದಾಗ ಗುರುಗಳು ಮಾತು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದರು. ಚೆನ್ನವೀರ ತಿರುಗಿ ಕೆಂಪು ದೀಪ ನೋಡಿದ. ಅದು ಉರಿಯುತ್ತಿತ್ತು. ಗುರುಗಳು ಮುಂದುವರಿಸಿದರು.

ಒಂದು ಗಂಟೆಯ ಕ್ಯಾಸೆಟ್ಟು ಯಂತ್ರಕ್ಕೆ ಇಳಿಯಬೇಕಾದರೆ ಒಂದು ಗಂಟೆ ಓಡಲೇಬೇಕು. ಮಗ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ತಂದೆಗೆ ಗದ್ದಲವಾಗಬಾರದೆಂದು ಹೆಡ್‌ಫೋನ್ ಹಾಕಿಕೊಂಡ. ಮಂಚಕ್ಕೆ ಬೆನ್ನು ಮಾಡಿ ಕುಳಿತ. ಹಳೆಯ ಕಾಲದ ತಂದೆ ಅವನ ಕಿವಿಯಲ್ಲಿ ಮಾತಾಡತೊಡಗಿದ. ಮಗ ಹುಟ್ಟಿದ್ದನ್ನು ತಂಗಿಗೆ ಹೇಳಿದ. ಮಾರುಕಟ್ಟೆಯ ಜಗಳಗಳನ್ನು ಹೇಳಿದ. ಪ್ರತಿ ಕ್ಯಾಸೆಟ್ಟಿನ ಕೊನೆಗೂ ಒಂದೇ ಮಾತು: “ಬರೀ ನಾನೇ ಮಾತಾಡಿದೆ. ಮುಂದಿನ ಸಲ ಬಂದಾಗ ನೀನು ಹೇಳಮ್ಮ, ಕೂತು ಕೇಳಿಸ್ಕೊತೀನಿ.” ಮಗನಿಗೆ ಸಂತೋಷ ತಡೆಯಲಾಗಲಿಲ್ಲ. ಕಳೆದುಹೋಗಿದ್ದ ತಂದೆ ಮರಳಿ ಸಿಕ್ಕ ಎಂದುಕೊಂಡ.

ಬಟನ್ ಮಂಚದ ಮೇಲೆ, ತಂದೆಯ ಕೈ ಕೆಳಗೇ ಇತ್ತು. ಗಂಜಿ ಕುಡಿಸಲು ಎದ್ದಾಗ ಬೆರಳು ಅದನ್ನು ಒತ್ತುವುದು ಮಗನ ಕಣ್ಣಿಗೆ ಬಿತ್ತು. ಅಪ್ಪನಿಗೂ ತನ್ನಷ್ಟೇ ಅವಸರ ಎಂದುಕೊಂಡ. ಇನ್ನು ಏಳೇ ಕ್ಯಾಸೆಟ್ಟು ಎಂದು ಸಮಾಧಾನ ಹೇಳಿ, ಬಾಯಿ ಒರೆಸಿ, ಹೋಗಿ ಕುಳಿತ. ಹಾಸಿಗೆಯ ಪಕ್ಕದಲ್ಲಿ ತಂಗಿ ಕುಳಿತಿದ್ದಳು. ಬೆರಳು ಆಡುವುದನ್ನು ಆಕೆಯೂ ನೋಡಿದಳು. ಆ ಬಟನ್ ಯಾತಕ್ಕೆಂದು ಆಕೆಗೆ ತಿಳಿಯದು, ಅಣ್ಣ ಅದರಿಂದ ಮಾತಾಡಿದ್ದನ್ನು ಆಕೆ ಕಂಡಿರಲಿಲ್ಲ. ಕೈಮುಗಿದು ಸುಮ್ಮನೆ ಕುಳಿತಳು.

ಹದಿನೆಂಟು ಕ್ಯಾಸೆಟ್ಟೂ ಮುಗಿದವು. ಮೂರನೆಯ ದಿನ ಹೊರಡುವಾಗ ಆಕೆ ಹೊಸಲಿನ ಮೇಲೆ ನಿಂತು ಕಣ್ಣೊರೆಸಿಕೊಂಡಳು. “ಅಣ್ಣಯ್ಯ ಪುಣ್ಯವಂತ ಕಣಪ್ಪ. ಎರಡು ದಿನ ಬೆರಳಲ್ಲೇ ಜಪ ಎಣಿಸ್ತಾ ಇದ್ದ, ಒಂದು ಗಳಿಗೆ ಬಿಡಲಿಲ್ಲ. ಅಡ್ಡಿ ಆಗ್ಬಾರ್ದು ಅಂತ ನಾನೂ ಮಾತಾಡಿಸ್ಲಿಲ್ಲ. ನಿನ್ನೆ ಸಂಜೆ ನಿಲ್ಲಿಸಿದ,” ಎಂದಳು.

ಹರಾಜುಗಾರ ಹುಟ್ಟಿದ ಮೇಲೆ ಒಂದು ದಿನವೂ ಜಪ ಮಾಡಿದವನಲ್ಲ. ಅದು ಮಗನಿಗೆ ಗೊತ್ತಿತ್ತು.

ಅವನು ಅತ್ತೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದ. ಬಟನ್ನಿನ ತಂತಿಯನ್ನು ಸಿಕ್ಕಿಸಿದ. ಪರದೆಯನ್ನು ತಂದೆಯ ಕಡೆ ತಿರುಗಿಸಿದ. ಅಕ್ಷರಗಳು ಒಂದಾದ ಮೇಲೆ ಒಂದು ಬೆಳಗಿದವು, ಕೊನೆಯವರೆಗೆ ಹೋಗಿ ಮತ್ತೆ ಮೊದಲಿಂದ ಬಂದವು. ಬೆರಳು ಏಳಲಿಲ್ಲ. ಮಗ ಆ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಒತ್ತಿದ. ಯಂತ್ರ ಒಂದು ಅಕ್ಷರ ಬರೆದುಕೊಂಡಿತು. ಆದರೆ ಒತ್ತಿದವನು ಮಗ. ಕಣ್ಣು ಮಿಟುಕಿಸಿಯಾದರೂ ಹೇಳಿ ಅಪ್ಪ ಎಂದು ಬೇಡಿಕೊಂಡ. ರೆಪ್ಪೆಯೂ ಅರ್ಧಕ್ಕೇ ನಿಂತಿತ್ತು. ವೈದ್ಯರು ಎರಡು ಮೂರು ತಿಂಗಳು ಎಂದಿದ್ದರು. ವೈದ್ಯರೂ ಮನುಷ್ಯರೇ.

ಮಾರನೆಯ ದಿನ ಹಬ್ ಬಂತು. ಮಗ ಅದರ ಪೊಟ್ಟಣ ಬಿಚ್ಚಲಿಲ್ಲ. ಆ ವಾರ ಕಳೆಯುವುದರೊಳಗೆ ತಂದೆ ತೀರಿಕೊಂಡ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿಯವನು ಯಂತ್ರಕ್ಕೆ ಆ ದನಿಯನ್ನು ಕಲಿಸಿಕೊಟ್ಟ. ಚೆನ್ನಾಗಿಯೇ ಕಲಿಸಿದ್ದ. ಏನು ಬರೆದರೂ ಅದು ಹರಾಜುಗಾರನ ದನಿಯಲ್ಲಿ ಓದುತ್ತಿತ್ತು, ಟೀ ಅಂಗಡಿಯವರೆಗೆ ಕೇಳುತ್ತಿದ್ದ ಅದೇ ದನಿಯಲ್ಲಿ. ಮಗ ಕೀಬೋರ್ಡಿನ ಮುಂದೆ ಕುಳಿತ. ತಂದೆ ಆ ಎರಡು ದಿನ ಏನು ಹೇಳಬೇಕೆಂದಿದ್ದನೋ ಅದನ್ನು ಬರೆದು, ಒಂದು ಸಲ ಅವನ ದನಿಯಲ್ಲಿ ಕೇಳಬೇಕು ಎಂಬುದು ಅವನ ಆಸೆ. ಫ್ಯಾನು ಕಮ್ಮಿ ಮಾಡು ಎಂದಿರಬಹುದು. ತಂಗಿಯ ಹತ್ತಿರ ಏನೋ ಹೇಳುವುದಿದ್ದಿರಬಹುದು. ಮಗನನ್ನೇ ಹತ್ತಿರ ಕರೆದಿರಬಹುದು. ಇಡೀ ಬೆಳಗು ಕುಳಿತಿದ್ದು, ಒಂದಕ್ಷರವನ್ನೂ ಒತ್ತದೆ ಎದ್ದ. ನೆನೆದಾಗಲೆಲ್ಲ ನನಗೆ ಆ ಮಗನ ಮೇಲೆ ಮರುಕ ಬರುತ್ತದೆ.

ಕತೆ ಮುಗಿಯಿತು. ಚೆನ್ನವೀರನ ಕಣ್ಣು ತುಂಬಿತ್ತು. ಅವನು ಎದ್ದು ಯಂತ್ರದ ಬಳಿಗೆ ಹೋಗಿ ನೋಡಿ, ಪೂರ್ತಿ ಬಂದಿದೆ ಬುದ್ಧಿ, ಒಂದು ಪದವೂ ತಪ್ಪಿಲ್ಲ ಎಂದ.

ಬಿಸಿಲು ಇನ್ನೂ ಗುರುಗಳ ಮುಖದ ಮೇಲೆಯೇ ಇತ್ತು. ಹಣೆಗೆ ಅಡ್ಡ ಹಿಡಿದ ಕೈಯನ್ನು ಇಳಿಸದೆ ಅವರು ಕೇಳಿದರು:

“ಕತೆ ಶುರು ಮಾಡುವ ಮೊದಲು ನಾನು ನಿನಗೆ ಏನು ಹೇಳಿದೆ, ಚೆನ್ನವೀರ?”