ಬಾಯಿ ಹನ್ನೆರಡು, ನಾಲಿಗೆ ಒಂದು

ಇಂಗ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ, ದೇವಾಲಯದ ಗೋಡೆಗೆ ಆತುಕೊಂಡಿದ್ದ ಗೂಡಿನಂಥ ಕೋಣೆಯಲ್ಲಿ ಪೂಜ್ಯ ಮಾತೆ ಆಲ್ಡಿತಾ ಅವರು ತಪಸ್ಸಿಗೆ ಕುಳಿತು ಹತ್ತೊಂಬತ್ತು ವರ್ಷಗಳಾಗಿದ್ದವು. ಬಾಗಿಲನ್ನು ಕಲ್ಲಿಟ್ಟು ಮುಚ್ಚಿಸಿಕೊಂಡಿದ್ದರು. ಲೋಕಕ್ಕೂ ಅವರಿಗೂ ನಡುವೆ ಉಳಿದದ್ದು ಒಂದೇ ಕಿಟಕಿ. ಆ ಕಿಟಕಿಗೆ ಜನ ಕಣ್ಣೀರು ತರುತ್ತಿದ್ದರು, ಕಾಯಿಲೆ ತರುತ್ತಿದ್ದರು. ಗುನ್ನೋರಾ ಎಂಬವಳು ಮಾತ್ರ ಊರ ಸುದ್ದಿ ತರುತ್ತಿದ್ದಳು.

ಗುನ್ನೋರಾ ಬಾರ್ಲಿಯಿಂದ ಬಿಯರು ಮಾಡಿ ಮಾರುವವಳು. ಅವಳ ಮನೆಯ ಬೆಂಚಿನ ಮೇಲೆ ಕೂರದ ಗಂಡಸು ಊರಲ್ಲಿರಲಿಲ್ಲ, ಅವಳ ನಾಲಿಗೆಗೆ ಸಿಕ್ಕದ ಹೆಂಗಸೂ ಇರಲಿಲ್ಲ. ಪಾಪ, ಕೆಟ್ಟವಳಲ್ಲ. ಯಾರ ಮನೆಯ ಒಲೆ ಯಾವಾಗ ಹೊತ್ತಿತು ಅಂತ ತಿಳಿಯದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ, ಅಷ್ಟೇ.

ಆ ಸಾಲಿನಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಊರಿಗೆ ಊರೇ ಮಾಂಸ ಬಿಟ್ಟಿದ್ದಾಗ, ಗಿರಣಿಯವನ ಎರಡು ಕುರಿ ಕಾಣೆಯಾದವು. ಅದೇ ವಾರ ಕುರಿ ಕಾಯುವ ಆಸ್ಬರ್ನನ ಮನೆಯಿಂದ ಕೊಬ್ಬು ಬೇಯುವ ವಾಸನೆ ಬಂತು. ಎರಡಕ್ಕೂ ಗಂಟು ಹಾಕಲು ಗುನ್ನೋರಾಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. “ಹೊಸ ಹೆಂಡತಿಯ ಬಾಯಿಚಪಲಕ್ಕೆ ಗಂಡ ಕಳ್ಳನಾದ” ಅಂದಳು.

ಹಿಂದಾಗಿದ್ದರೆ ಈ ಮಾತು ಬೆಂಚಿನ ಮೇಲೇ ಆರಿಹೋಗುತ್ತಿತ್ತು. ಆದರೆ ರಾಜರು ಹೊಸ ಕಟ್ಟಳೆ ಮಾಡಿದ್ದರು. ಒಡೆಯರು ಮನಬಂದಂತೆ ದಂಡಿಸುವುದು ನಿಲ್ಲಲೆಂದು ರಾಜರ ನ್ಯಾಯಾಧೀಶರೇ ಕುದುರೆಯೇರಿ ಸೀಮೆ ಸೀಮೆಗೂ ಬರುವರು. ಹನ್ನೆರಡು ಮಂದಿ ಗೃಹಸ್ಥರು ಪವಿತ್ರ ಗ್ರಂಥ ಮುಟ್ಟಿ, ತಮ್ಮಲ್ಲಿ ಕಳ್ಳರು ಯಾರೆಂದು ಹೇಳಬೇಕು. ಹೆಸರು ಬಂದವನ ಕೈಕಾಲು ಕಟ್ಟಿ ಮಡುವಿಗೆ ಇಳಿಸುವರು. ಮುಳುಗಿದರೆ ನಿರಪರಾಧಿ. ತೇಲಿದರೆ ಕಳ್ಳ, ಒಂದು ಪಾದ ಕಡಿಯುವರು. ರಾಜರ ಉದ್ದೇಶ ಒಳ್ಳೆಯದೇ. ಆದರೆ ಆ ಹನ್ನೆರಡು ಮಂದಿಯೂ ಗುನ್ನೋರಾಳ ಗಿರಾಕಿಗಳೆಂದು ಅರಮನೆಗೆ ಹೇಗೆ ಗೊತ್ತಾಗಬೇಕು?

ನ್ಯಾಯಾಧೀಶರು ಬಂದ ಬೆಳಿಗ್ಗೆ ಗುನ್ನೋರಾ ಕಿಟಕಿಗೆ ಓಡಿಬಂದಳು.

“ತಾಯಿ, ಇವತ್ತು ಆಸ್ಬರ್ನನ ಹೆಸರು ಹೇಳ್ತಾರೆ. ಹನ್ನೆರಡೂ ಮಂದಿದು ಒಂದೇ ಮಾತು.”

ಮಾತೆಯವರು ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟರು. “ಅವರಲ್ಲಿ ಕಂಡವರು ಯಾರು ಮಗಳೇ?”

“ಕಾಣೋದೇನು ತಾಯಿ, ನಾನೇ ಹೇಳಿದೀನಲ್ಲ.”

“ನೀನು ಕಂಡೆಯಾ?”

“ಮೂಗು ಇದೆಯಲ್ಲ ತಾಯಿ.”

“ಹಾಗಾದರೆ ಬಾಯಿ ಹನ್ನೆರಡು, ನಾಲಿಗೆ ಒಂದೇ,” ಎಂದರು ಮಾತೆಯವರು. “ಹೋಗಿ ಆಸ್ಬರ್ನನ ಒಲೆಯ ಮೇಲಿನ ಮಡಕೆಯೊಳಗೆ ನೋಡು.” ಮತ್ತೆ ಸೂಜಿ ಕೈಗೆತ್ತಿಕೊಂಡರು.

ಬೇರೆ ಯಾರಾದರೂ ಹೇಳಿದ್ದರೆ ಗುನ್ನೋರಾ ಜಗಳಕ್ಕೆ ನಿಲ್ಲುತ್ತಿದ್ದಳು. ಹೇಳಿದವರು ಮಾತೆಯವರು. ಹೋದಳು.

ಆಸ್ಬರ್ನನ ಹೆಂಡತಿ ಎಡ್ಲಿನ್ ಹೊಸ್ತಿಲಲ್ಲೇ ತಡೆದಳು. “ಇನ್ನೇನು ಉಳಿದಿದೆ ಅಂತ ಬಂದೆಯಮ್ಮ?”

ಗುನ್ನೋರಾ ಅವಳನ್ನು ಸರಿಸಿ ಒಳನುಗ್ಗಿ ಒಲೆಯ ಮೇಲಿನ ಮಡಕೆಗೆ ಬಗ್ಗಿದಳು. ಹಳೆಯ ಕೊಬ್ಬಿಗೆ ಡಾಂಬರು ಕಲಸಿ ಕುದಿಸಿದ ಕಪ್ಪು ಮುಲಾಮು. ಕುರಿಗಳ ಕಜ್ಜಿಗೆ ಹಚ್ಚುವಂಥದ್ದು. ಅಂಚಿನಲ್ಲಿ ಆರಿದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿಯೂ ನೋಡಿದಳು, ಬಿಡುವವಳಲ್ಲ. ಮೋರೆ ಕಿವುಚಿಕೊಂಡು ಅಲ್ಲಿಂದ ಓಡಿದಳು.

ದೇವಾಲಯದ ಅಂಗಳದಲ್ಲಿ, ನ್ಯಾಯಾಧೀಶರ ಮುಂದೆ, ಹನ್ನೆರಡು ಮಂದಿಯ ಹಿರಿಯ ಥರ್ಸ್ಟನ್ ಆಗಲೇ ಗ್ರಂಥದ ಮೇಲೆ ಕೈಯಿಟ್ಟಿದ್ದ.

“ಏ ಥರ್ಸ್ಟನ್, ಆಸ್ಬರ್ನ್ ಕಳ್ಳ ಅಂತ ನಿನಗೆ ಯಾರು ಹೇಳಿದ್ದು?” ಎಂದು ಏದುಸಿರಿನಲ್ಲೇ ಕೇಳಿದಳು.

“ನೀನೇ ಅಲ್ಲವೇನೇ.”

“ನಿನಗೆ?” ಎಂದು ಪಕ್ಕದವನನ್ನು ಕೇಳಿದಳು. ಅವನೂ ಅವಳನ್ನೇ ತೋರಿಸಿದ. ಉಳಿದವರೂ ಅಷ್ಟೇ. ನೆರೆದವರು ಬಿದ್ದು ಬಿದ್ದು ನಕ್ಕರು. ಅವಳ ಮುಖ ಕೆಂಪಾಯಿತು, ಕಾಲು ಮಾತ್ರ ಕದಲಲಿಲ್ಲ.

“ಸ್ವಾಮಿ, ಆಸ್ಬರ್ನನ ಮಡಕೆಯಲ್ಲಿರೋದು ಕುರಿ ಕಜ್ಜಿಯ ಮದ್ದು. ಈ ಹನ್ನೆರಡು ಜನರ ತಲೆಯಲ್ಲಿರೋದು ನನ್ನ ಬಿಯರು, ನನ್ನ ಮಾತು. ಬೇರೇನೂ ಇಲ್ಲ.”

ನ್ಯಾಯಾಧೀಶರು ಆ ಹನ್ನೆರಡು ಮಂದಿಯ ಕಡೆ ತಿರುಗಿದರು. ಎಲ್ಲರೂ ತಲೆ ತಗ್ಗಿಸಿದರು. ಆಸ್ಬರ್ನನ ಹೆಸರು ಯಾರ ಬಾಯಿಂದಲೂ ಹೊರಡಲಿಲ್ಲ.

“ಮತ್ತೆ ಕುರಿ ಕದ್ದವರು ಯಾರಮ್ಮ?” ಎಂದು ನ್ಯಾಯಾಧೀಶರು ಕೇಳಿದರು.

ಗುನ್ನೋರಾಳ ಬಳಿ ಇನ್ನೂ ಮೂರು ಹೆಸರುಗಳಿದ್ದವು. ಒಂದಕ್ಕಿಂತ ಒಂದು ರುಚಿ. ಅವಳು ತುಟಿ ಒರೆಸಿಕೊಂಡು, “ನನಗೆ ಗೊತ್ತಿಲ್ಲ ಸ್ವಾಮಿ” ಅಂದಳು.

ಮಾತೆಯವರ ಕೃಪೆಯಿಂದ, ಐವತ್ತು ವರ್ಷಗಳ ಆಯುಸ್ಸಿನಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅಂದೇ ಮೊದಲು.