ನೀರು ಹಿಡಿದ ಬೆಲ್ಲ

ಬೆಲ್ಲದ ಮಂಡಿಯ ಸಂಗನಬಸಪ್ಪ ದಿನಾ ಬೆಳಿಗ್ಗೆ ಅಂಗಡಿ ತೆರೆದು, ಮೊದಲು ತೂಕದ ಯಂತ್ರದ ಮೇಲೆ ತಾನೇ ನಿಲ್ಲುತ್ತಿದ್ದ. "ಎಪ್ಪತ್ತೆರಡು ಕಿಲೋ. ನನಗೇನಾಗಿದೆ?" ಎನ್ನುತ್ತಿದ್ದ. ಊಟ ಸೇರದೆ ಮೂರು ತಿಂಗಳಾಗಿದ್ದರೂ ಆ ಅಂಕಿ ಕದಲಿರಲಿಲ್ಲ.

ಒಂದು ದಿನ ಅವನ ಬೆರಳಿನ ಉಂಗುರ ಯಂತ್ರಕ್ಕೆ ಹೇಳಿತು, "ಅಯ್ಯಾ, ನೀನು ತಪ್ಪು ಹೇಳುತ್ತಿದ್ದೀಯೆ. ಇವನು ಸೊರಗಿದ್ದಾನೆ. ಈ ಬೆರಳಲ್ಲಿ ನಾನಿನ್ನು ನಿಲ್ಲಲಾರೆ."

"ಸುಳ್ಳು," ಎಂದಿತು ಸೊಂಟದ ಉಡಿದಾರ. "ಇವನ ಹೊಟ್ಟೆ ಉಬ್ಬಿ ನನಗೆ ಉಸಿರು ಕಟ್ಟುತ್ತಿದೆ. ಇವನು ದಪ್ಪಗಾಗುತ್ತಿದ್ದಾನೆ."

"ಇಬ್ಬರೂ ಬಾಯಿ ಮುಚ್ಚಿ. ನಾನು ಎಂದೂ ಸುಳ್ಳಾಡಿದವನಲ್ಲ," ಎಂದು ಯಂತ್ರ ಗದರಿತು.

"ಹೋದ ಮಳೆಗಾಲದಲ್ಲಿ ನೀರು ಹಿಡಿದು ಕೆಟ್ಟ ಬೆಲ್ಲಕ್ಕೂ ನೀನು ಪೂರ್ತಿ ತೂಕ ಕೊಟ್ಟೆಯಲ್ಲ?" ಎಂದು ಉಂಗುರ ಕೇಳಿತು.

ಆಗ ಉಂಗುರ ಬೇಕೆಂದೇ ಜಾರಿ ಬಿತ್ತು. ಎತ್ತಿಕೊಳ್ಳಲು ಸಂಗನಬಸಪ್ಪ ಬಗ್ಗಿದ; ಉಡಿದಾರ ಪಟ್ಟನೆ ಹರಿಯಿತು. ಎರಡನ್ನೂ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದವನು, ಅಂಗಡಿ ಮುಚ್ಚಿ ನೇರ ವೈದ್ಯರ ಬಳಿ ಹೋದ.

"ನಿಮ್ಮ ಲಿವರ್ ಸೋತಿದೆ. ಮೈ ಕರಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಸದ್ಯ, ಕೈಮೀರುವ ಮೊದಲೇ ಬಂದಿರಿ," ಎಂದರು ವೈದ್ಯರು.

ಔಷಧ, ಉಪ್ಪು ಕಡಿಮೆಯ ಊಟ ನಡೆದು ಕೆಲವು ತಿಂಗಳಾದ ಮೇಲೆ ಅವನು ಮತ್ತೆ ಬಂದು ನಿಂತಾಗ ಯಂತ್ರ ನಡುಗಿತು. "ಅರವತ್ತನಾಲ್ಕು! ಎಂಟು ಕಿಲೋ ಹೋಯಿತಲ್ಲ!"

ಹೊಸ ಉಡಿದಾರ ಹಾಯಾಗಿ ಉಸಿರಾಡಿತು. ಬೆರಳಲ್ಲಿ ಬಿಗಿಯಾಗಿ ಕೂತಿದ್ದ ಉಂಗುರ ಹೇಳಿತು, "ಹೋದದ್ದು ನೀರು. ಮನುಷ್ಯ ವಾಪಸ್ ಬಂದಿದ್ದಾನೆ."